ಓರೆಯಾದ ಸ್ಟಿಯರಿಂಗು ಚಕ್ರವೂ ಗಾಲಿಗಳ ಜೋಡಣೆಯೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಬೇಸಾಯವು ಈಗ ಬಹುಮಟ್ಟಿಗೆ ಟ್ರಾಕ್ಟರನ್ನು ನಂಬಿಕೊಂಡಿರುವುದು ಎಲ್ಲರೂ ಬಲ್ಲ ವಿಷಯವಷ್ಟೆ. ಹುಣಸೂರು ಪಿರಿಯಾಪಟ್ಟಣಗಳ ಹಗುರವಾದ ಕೆಂಪು ಭೂಮಿಯಲ್ಲಿ ಹೊಗೆಸೊಪ್ಪಿಗೆ ಬೋದು ಕಟ್ಟುವುದಕ್ಕೂ, ಗುರುಪುರದ ಸುತ್ತಿನಲ್ಲಿ 1970ರ ದಶಕದಲ್ಲಿ ನೆಲೆಗೊಂಡ ಟಿಬೆಟ್ ನಿರಾಶ್ರಿತರ ಹಳ್ಳಿಗಳಲ್ಲಿ ಮುಸುಕಿನ ಜೋಳಕ್ಕೆ ಭೂಮಿಯನ್ನು ಹದಮಾಡುವುದಕ್ಕೂ, ಕೃಷ್ಣರಾಜನಗರದ ನಾಲೆಗಳ ಕೆಳಗೆ ಬತ್ತದ ಗದ್ದೆಗಳನ್ನು ಕೆಸರು ಮಾಡುವುದಕ್ಕೂ, ಕೋಟೆಯ ಕಡೆ ಹತ್ತಿ ರಾಗಿಗಳ ಹೊಲವನ್ನು ಉಳುವುದಕ್ಕೂ ಅದೇ ಯಂತ್ರವೇ ಬೇಕು. ಉಳುಮೆಯ ಕಾಲ ಕಳೆದ ಮೇಲೆ ಗೊಬ್ಬರ, ಸೌದೆ, ಮರಳು, ಹುಲ್ಲು, ಫಸಲು ಎಲ್ಲವನ್ನೂ ಟ್ರೈಲರಿನಲ್ಲಿ ಸಾಗಿಸತಕ್ಕದ್ದೂ ಅದೇ. ಹೀಗೆ ವರ್ಷದ ಬಹುಭಾಗ ದುಡಿಯುವ ಈ ಯಂತ್ರದ ಎಂಜಿನ್ನು ಸ್ವಲ್ಪ ಕಪ್ಪು ಹೊಗೆಯನ್ನುಗುಳಿದರೆ ಸಾಕು, ಮಾಲೀಕನು ಅಂದೇ ಮಿಸ್ತ್ರಿಯನ್ನು ಕರೆಸುತ್ತಾನೆ. ಆದರೆ ಟ್ರಾಕ್ಟರು ನೆಟ್ಟಗೆ ಹೋಗುತ್ತಿರುವಾಗ ಸ್ಟಿಯರಿಂಗು ಚಕ್ರವು ಕಾಲು ಸುತ್ತು ಓರೆಯಾಗಿ ನಿಂತಿದ್ದರೆ ಅದನ್ನು ಯಾರೂ ರೋಗವೆಂದೇ ಎಣಿಸುವುದಿಲ್ಲ.

ಕೇಳಿದರೆ, "ಅದು ತಂದ ದಿನದಿಂದ ಹಂಗೇ ಐತೆ ಸ್ವಾಮಿ, ಕೈಗೆ ರೂಢಿಯಾಗೋಗಿದೆ" ಎಂಬುದು ಚಾಲಕನ ಉತ್ತರ. ಈ ರೂಢಿಯೇ ಕೆಡುಕಿನ ಮೂಲ. ಮನುಷ್ಯನ ಕೈ ಯಾವ ವಕ್ರತೆಗಾದರೂ ಬೇಗನೆ ಹೊಂದಿಕೊಳ್ಳುತ್ತದೆ. ಟೈರು, ಬೇರಿಂಗು, ಬಾಲ್ ಜಾಯಿಂಟುಗಳು ಹಾಗೆ ಹೊಂದಿಕೊಳ್ಳತಕ್ಕವುಗಳಲ್ಲ. ಅವು ಸವೆಯುತ್ತವೆ. ಸವೆದುದನ್ನು ಕಂಡಮೇಲೆ ಹೊಸ ಟೈರನ್ನು ತಂದು ಹಾಕುವುದೂ, ಅದೂ ಒಂದು ಹಂಗಾಮಿನೊಳಗೆ ಒಂದು ಅಂಚಿನಲ್ಲಿ ಬೋಳಾಗುವುದೂ, ಆಗ ಟೈರಿನ ಕಂಪನಿಯನ್ನು ಬೈಯುವುದೂ ಕ್ರಮವಾಗಿ ನಡೆಯುತ್ತವೆ. ಬೈಗುಳಕ್ಕೆ ಪಾತ್ರವಾಗತಕ್ಕದ್ದು ಬೇರೆಲ್ಲೋ ಇರುತ್ತದೆ.

ಗಾಲಿಗಳ ಜೋಡಣೆ ಎಂದರೇನೆಂಬುದನ್ನು ಮೊದಲು ತಿಳಿಯುವುದು ಅಗತ್ಯ. ಎತ್ತಿನ ಗಾಡಿಯಲ್ಲಿ ಎರಡು ಗಾಲಿಗಳೂ ಒಂದೇ ಅಚ್ಚಿಗೆ ಸೇರಿರುತ್ತವೆ. ನೊಗವು ತಿರುಗಿದಂತೆ ಗಾಡಿಯೆಲ್ಲವೂ ತಿರುಗುತ್ತದೆ. ಆದುದರಿಂದ ಕಡಾಣಿ ಭದ್ರವಾಗಿದ್ದು ಕೀಲೆಣ್ಣೆ ಸಾಕಷ್ಟಿದ್ದರೆ ಗಾಡಿಯವನಿಗೆ ಹೆಚ್ಚಿನ ಚಿಂತೆಯಿಲ್ಲ. ನಾಲ್ಕು ಗಾಲಿಯ ಬಂಡಿಯಲ್ಲಿ ಮುಂದಿನ ಎರಡು ಗಾಲಿಗಳು ಬೇರೆಬೇರೆಯಾಗಿ ತಮ್ಮತಮ್ಮ ಕೀಲಿನ ಮೇಲೆ ತಿರುಗಬೇಕು. ತಿರುವಿನಲ್ಲಿ ಒಳಗಿನ ಗಾಲಿಯು ಚಿಕ್ಕ ವೃತ್ತವನ್ನೂ ಹೊರಗಿನದು ದೊಡ್ಡ ವೃತ್ತವನ್ನೂ ಸುತ್ತುವುದರಿಂದ ಎರಡೂ ಒಂದೇ ಕೋನದಲ್ಲಿ ತಿರುಗಿದರೆ ಒಂದು ನೆಲವನ್ನು ಉಜ್ಜಲೇಬೇಕಾಗುತ್ತದೆ. ಈ ತೊಡಕನ್ನು 1817ರಲ್ಲಿ ಮ್ಯೂನಿಕ್ ನಗರದ ಸಾರೋಟು ತಯಾರಕನಾದ ಗಿಯೋರ್ಗ್ ಲಂಕೆನ್ಸ್‌ಪೆರ್ಗರ್ ಎಂಬಾತನು ಬಿಡಿಸಿದನು. ಮರುವರ್ಷ ಅವನ ಪರವಾಗಿ ಲಂಡನ್ನಿನಲ್ಲಿ ರುಡಾಲ್ಫ್ ಆಕರ್ಮನ್ ಎಂಬವನು ಅದಕ್ಕೆ ಹಕ್ಕುಪತ್ರವನ್ನು ಪಡೆದುದರಿಂದ ಆ ಏರ್ಪಾಡಿಗೆ ಆಕರ್ಮನ್ನನ ಹೆಸರೇ ನಿಂತುಹೋಯಿತು. ಕುದುರೆ ಸಾರೋಟಿಗಾಗಿ ಹುಟ್ಟಿದ ಈ ಉಪಾಯವೇ ಇಂದು ಗುರುಪುರದ ಹೊಲದಲ್ಲಿ ಓಡಾಡುವ ಟ್ರಾಕ್ಟರಿನ ಮುಂದಣ ಆಕ್ಸಲಿನಲ್ಲಿಯೂ ಇದೆ. ಎರಡು ಗಾಲಿಗಳ ಕೀಲುಗಳಿಂದ ಹೊರಟ ತೋಳುಗಳನ್ನು ಟೈರಾಡುಗಳೆಂಬ ಸಲಾಕೆಗಳು ಜೋಡಿಸುತ್ತವೆ. ಈ ಸಲಾಕೆಗಳ ಉದ್ದದಲ್ಲಿ ಕೆಲವೇ ಮಿಲಿಮೀಟರುಗಳ ವ್ಯತ್ಯಾಸವಾದರೂ ಗಾಲಿಗಳು ಮುಖ ತಿರುಗಿಸಿಕೊಳ್ಳುತ್ತವೆ.

ಮುಂದಿನ ಗಾಲಿಗಳ ಮುಂಭಾಗವು ಹಿಂಭಾಗಕ್ಕಿಂತ ಕೊಂಚ ಹತ್ತಿರವಾಗಿರುವಂತೆ ತಯಾರಕರು ಇಟ್ಟಿರುತ್ತಾರೆ. ಇದಕ್ಕೆ ಕಾರ್ಖಾನೆಯ ಮಾತಿನಲ್ಲಿ ಟೋ ಇನ್ ಎಂದು ಹೆಸರು. ಓಡುವಾಗ ಕೀಲುಗಳಲ್ಲಿರುವ ಅಲ್ಪ ಸಡಿಲದಿಂದ ಗಾಲಿಗಳು ಹೊರಕ್ಕೆ ತೆರೆದುಕೊಳ್ಳುವ ಸ್ವಭಾವವುಳ್ಳವಾದ್ದರಿಂದ ಈ ಏರ್ಪಾಡು. ಸಾಧಾರಣವಾಗಿ ಇದು ಕೆಲವು ಮಿಲಿಮೀಟರು ಮಾತ್ರ. ಸರಿಯಾದ ಅಂಕಿ ಆಯಾ ಯಂತ್ರದ ಕೈಪಿಡಿಯಲ್ಲಿ ಅಚ್ಚಾಗಿರುತ್ತದೆ, ನೆರೆಯವನ ಟ್ರಾಕ್ಟರಿನ ಅಂಕಿಯನ್ನು ತಂದು ಇಲ್ಲಿ ಹಚ್ಚತಕ್ಕದ್ದಲ್ಲ.

ಅಷ್ಟು ಸಣ್ಣ ಅಳತೆಯಿಂದ ಆಗುವ ನಷ್ಟವೇನೆಂದು ಕೇಳುವವರಿಗೆ ಒಂದು ಲೆಕ್ಕವನ್ನು ಕೊಡಬಹುದು. ಗಾಲಿಯು ತಾನು ಹೋಗಬೇಕಾದ ದಿಕ್ಕಿಗೆ 1 ಡಿಗ್ರಿ ಓರೆಯಾಗಿದ್ದರೆ ಪ್ರತಿ ಕಿಲೋಮೀಟರಿಗೂ ಅದು ಸುಮಾರು 17 ಮೀಟರಿನಷ್ಟು ಅಡ್ಡಲಾಗಿ ಜಾರಬೇಕಾಗುತ್ತದೆ. ಸಾಮಾನ್ಯವಾದ 6.00-16 ಅಳತೆಯ ಮುಂದಿನ ಟೈರುಗಳಲ್ಲಿ ಟೋ ಇನ್ 15 ಮಿಲಿಮೀಟರು ಹೆಚ್ಚಾಗಿ ಹೋಗಿದ್ದರೆ ಒಂದೊಂದು ಟೈರೂ ಕಿಲೋಮೀಟರಿಗೆ ಸುಮಾರು 10 ಮೀಟರು ಅಡ್ಡ ಉಜ್ಜುತ್ತದೆ. ಮೆತ್ತನೆಯ ಹೊಲದಲ್ಲಿ ಈ ಉಜ್ಜುವಿಕೆಯನ್ನು ಮಣ್ಣು ತಡೆದುಕೊಳ್ಳಬಹುದು. ಆದರೆ ಹುಣಸೂರಿನ ಟ್ರಾಕ್ಟರುಗಳು ಹೊಲದಲ್ಲಿಯೇ ಇರುವುದಿಲ್ಲವಷ್ಟೆ. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣಗಳ ಮೇಲೆ ಮಡಿಕೇರಿಗೆ ಹೋಗುವ 275ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲೂ ಡಾಂಬರು ಹಾಕಿದ ಹಳ್ಳಿಯ ರಸ್ತೆಗಳ ಮೇಲೂ ಭಾರ ಹೊತ್ತು ಓಡುತ್ತವೆ. ಅಲ್ಲಿ ಉಜ್ಜಿಹೋಗತಕ್ಕದ್ದು ರಬ್ಬರು; ಜೊತೆಗೆ ಡೀಸಲೂ ಹೋಗುತ್ತದೆ.

ಇನ್ನು ಸ್ಟಿಯರಿಂಗು ಚಕ್ರದ ವಿಚಾರ. ಇಲ್ಲಿ ಮೂರು ಬೇರೆಬೇರೆ ರೋಗಗಳನ್ನು ಜನರು ಒಂದೇ ಹೆಸರಿನಿಂದ ಕರೆಯುತ್ತಾರೆ. ಚಕ್ರವು ಓರೆಯಾಗಿದ್ದರೂ ಬಂಡಿಯು ತಾನಾಗಿ ನೆಟ್ಟಗೆ ಹೋಗುವುದು ಒಂದು. ಚಕ್ರವನ್ನು ಸಡಿಲಿಸಿದರೆ ಬಂಡಿಯು ಒಂದು ಮಗ್ಗುಲಿಗೆ ಎಳೆಯುವುದು ಎರಡನೆಯದು. ಒಂದು ಗೊತ್ತಾದ ವೇಗದಲ್ಲಿ ಚಕ್ರವು ಕೈಯಲ್ಲಿ ನಡುಗುವುದು ಮೂರನೆಯದು. ಮೊದಲನೆಯದು ಬಹುಶಃ ಸಲಾಕೆಗಳ ಉದ್ದದ ದೋಷ. ಎರಡನೆಯದು ಟೈರಿನ ಗಾಳಿ, ಹಿಡಿದುಕೊಂಡ ಬ್ರೇಕು, ಸವೆದ ಕೀಲು ಮುಂತಾದ ಹಲವು ಕಾರಣಗಳಿಂದ ಆಗತಕ್ಕದ್ದು. ಮೂರನೆಯದು ಹೆಚ್ಚಾಗಿ ಗಾಲಿಯ ತೂಕದ ಅಸಮತೆಯಿಂದಾಗಲಿ, ಸಡಿಲವಾದ ಬೇರಿಂಗು ಬಾಲ್ ಜಾಯಿಂಟುಗಳಿಂದಾಗಲಿ ಬರುವುದೇ ಹೊರತು ಜೋಡಣೆಯ ಅಳತೆಯಿಂದಲ್ಲ. ಫಸಲನ್ನೂ ಹಾಲನ್ನೂ ಸಾಗಿಸುವ ಪಿಕಪ್ ವಾಹನಗಳ ಮಾಲೀಕರು ನಡುಕಕ್ಕೆ ಅಲೈನ್‌ಮೆಂಟ್ ಮಾಡಿಸಿ, ಎಳೆತಕ್ಕೆ ಬ್ಯಾಲೆನ್ಸಿಂಗ್ ಮಾಡಿಸಿ ಎರಡಕ್ಕೂ ಹಣ ತೆತ್ತು ರೋಗವನ್ನು ಹಾಗೆಯೇ ಮನೆಗೆ ತರುವುದು ಅಪರೂಪವಲ್ಲ. ಮಾಲೀಕನಿಗೆ ತನ್ನ ಬಂಡಿಯ ಕಷ್ಟವನ್ನು ಸರಿಯಾಗಿ ಹೇಳಲು ಬಾರದಿದ್ದರೆ ಮಿಸ್ತ್ರಿಯು ತನಗೆ ಬರುವ ಕೆಲಸವನ್ನು ಮಾಡಿಕೊಡುತ್ತಾನೆ. ಅದರಲ್ಲಿ ಅವನ ತಪ್ಪೇನೂ ಇಲ್ಲ.

ಟ್ರಾಕ್ಟರಿನ ವಿಷಯದಲ್ಲಿ ಇನ್ನೊಂದು ತೊಡಕುಂಟು. ನೇಗಿಲು ಭೂಮಿಯಲ್ಲಿರುವಾಗ ಟ್ರಾಕ್ಟರು ಒಂದು ಕಡೆಗೆ ಎಳೆದರೆ ಆ ದೋಷವು ಗಾಲಿಯದೋ ನೇಗಿಲಿನದೋ ಎಂಬುದನ್ನು ಮೊದಲು ಗೊತ್ತುಮಾಡಬೇಕು. ಡಿಸ್ಕ್ ನೇಗಿಲಿನ ಬಿಲ್ಲೆಗಳು ಓರೆಯಾಗಿ ನಿಂತು ಮಣ್ಣನ್ನು ಮಗ್ಗುಲಿಗೆ ತಳ್ಳುವುದರಿಂದ ಮಣ್ಣೂ ಅವನ್ನು ಎದುರುಮಗ್ಗುಲಿಗೆ ತಳ್ಳುತ್ತದೆ. ನೇಗಿಲಿನ ಹಿಂದಿನ ಸಾಲುಗಾಲಿಯು ಈ ತಳ್ಳುವಿಕೆಯನ್ನು ತಡೆಯದಿದ್ದರೆ, ಅಥವಾ ನೇಗಿಲನ್ನು ಟ್ರಾಕ್ಟರಿನ ಮಧ್ಯಕ್ಕೆ ಸರಿಯಾಗಿ ಕಟ್ಟದಿದ್ದರೆ, ಚಾಲಕನು ದಿನವಿಡೀ ಸ್ಟಿಯರಿಂಗನ್ನು ಒಂದು ಕಡೆಗೆ ಹಿಡಿದುಕೊಂಡೇ ಉಳಬೇಕಾಗುತ್ತದೆ. ಇದನ್ನು ಕಂಡುಹಿಡಿಯುವುದು ಬಹು ಸುಲಭ. ನೇಗಿಲನ್ನು ಎತ್ತಿ, ಟ್ರೈಲರನ್ನು ಬಿಚ್ಚಿ, ಮಟ್ಟವಾದ ಗಟ್ಟಿ ನೆಲದ ಮೇಲೆ ನಿಧಾನವಾಗಿ ಓಡಿಸಿ ನೋಡಿದರೆ ಸಾಕು. ಎಳೆತವು ನಿಂತುಹೋದರೆ ಟೈರಾಡನ್ನು ಮುಟ್ಟುವ ಅವಶ್ಯವೇ ಇಲ್ಲ, ನೇಗಿಲನ್ನು ಸರಿಪಡಿಸಬೇಕು. ಹಿಂದಿನ ದೊಡ್ಡ ಟೈರುಗಳಲ್ಲಿ ಒಂದು ಹೊಸದು, ಒಂದು ಹಳೆಯದಾಗಿದ್ದರೂ, ಎರಡರ ಗಾಳಿ ಸಮನಾಗಿಲ್ಲದಿದ್ದರೂ ಇಂಥ ಎಳೆತವೇ ಕಾಣುತ್ತದೆ. ಟ್ರೈಲರಿನ ಭಾರವೆಲ್ಲ ಹಿಂದಿನ ಕೊಂಡಿಯ ಮೇಲೆ ಬಿದ್ದು ಮುಂದಿನ ಗಾಲಿಗಳು ನೆಲದಿಂದ ಹಗುರಾಗಿದ್ದರಂತೂ ಸ್ಟಿಯರಿಂಗು ಯಾವ ಕಡೆಗೆ ತಿರುಗಿಸಿದರೂ ಕೇಳದು. ಅದಕ್ಕೆ ಔಷಧವು ಜೋಡಣೆಯಲ್ಲ. ಭಾರವನ್ನು ಕಡಿಮೆಮಾಡುವುದು, ಮುಂಭಾಗಕ್ಕೆ ತಯಾರಕರು ಕೊಟ್ಟ ತೂಕದ ಬಿಲ್ಲೆಗಳನ್ನು ಹಾಕುವುದು.

ಈ ನಾಲ್ಕು ತಾಲ್ಲೂಕುಗಳಲ್ಲಿ ಓರೆ ಚಕ್ರಕ್ಕೆ ಮುಖ್ಯವಾದ ಕಾರಣವೊಂದು ಬೇಸಾಯದ ಕ್ರಮದಲ್ಲಿಯೇ ಅಡಗಿದೆ. ಬೆಳೆಯಿಂದ ಬೆಳೆಗೆ ಸಾಲಿನ ಅಂತರವು ಬೇರೆಯಾಗುವುದರಿಂದ ಮುಂದಿನ ಗಾಲಿಗಳ ನಡುವಿನ ಅಗಲವನ್ನು ಬದಲಾಯಿಸಬೇಕಾಗುತ್ತದೆ. ಇದಕ್ಕಾಗಿ ಆಕ್ಸಲಿನ ಎರಡು ತುದಿಗಳನ್ನೂ ಎಳೆದು ಬೇರೆ ರಂಧ್ರಕ್ಕೆ ಬೋಲ್ಟು ಹಾಕುವರು. ಆಕ್ಸಲು ಎಷ್ಟು ಉದ್ದವಾಯಿತೋ ಟೈರಾಡೂ ಅಷ್ಟೇ ಉದ್ದವಾಗಬೇಕು, ಅದೂ ಎರಡು ಮಗ್ಗುಲಲ್ಲಿ ಸಮನಾಗಿ. ಬೋದು ಕಟ್ಟುವ ಅವಸರದಲ್ಲಿ, ಮಳೆ ಬಿದ್ದು ಹದ ಹಾರಿಹೋಗುವ ಭಯದಲ್ಲಿ, ಒಂದು ಕಡೆಯ ಸಲಾಕೆಯನ್ನು ಸರಿಯಾಗಿಟ್ಟು ಇನ್ನೊಂದನ್ನು ಅಂದಾಜಿನ ಮೇಲೆ ಬಿಗಿದುಬಿಡುತ್ತಾರೆ. ಅಂದಿನಿಂದಲೇ ಚಕ್ರವು ಓರೆಯಾಯಿತು. ಇದು ಆರು ತಿಂಗಳ ಮೇಲೆ ಟೈರಿನ ಅಂಚಿನಲ್ಲಿ ಕಾಣಿಸಿಕೊಂಡಾಗ ಆ ದಿನದ ಅವಸರವು ಯಾರಿಗೂ ನೆನಪಿರುವುದಿಲ್ಲ. ಓರೆ ಚಕ್ರವನ್ನು ಹಿಡಿದು ಕಟ್ಟಿದ ಬೋದೂ ನೆಟ್ಟಗಿರುವುದಿಲ್ಲ. ಮೊದಲಿನ ಸಾಲಿನ ಡೊಂಕನ್ನು ಮುಂದಿನ ಸಾಲುಗಳೆಲ್ಲ ಅನುಸರಿಸುವುದರಿಂದ ಮುಂದೆ ಅಂತರ ಬೇಸಾಯ ಮಾಡುವಾಗ ಗುಂಟೆಯ ಹಲ್ಲು ಗಿಡದ ಬುಡಕ್ಕೆ ಹೋಗುತ್ತದೆ. ಆ ಗಿಡಗಳ ಬೆಲೆಯನ್ನು ಯಾರೂ ಟ್ರಾಕ್ಟರಿನ ಖರ್ಚಿಗೆ ಬರೆದಿಡುವುದಿಲ್ಲ.

ಕೃಷ್ಣರಾಜನಗರದ ಗದ್ದೆ ಬಯಲಿನ ರೋಗವು ಬೇರೆ. ಕೇಜ್ ವೀಲು ಕಟ್ಟಿ ಕೆಸರು ಮಾಡುವಾಗ ಮುಂದಿನ ಗಾಲಿಗಳ ಗುಂಬದೊಳಕ್ಕೂ ಕಿಂಗ್ ಪಿನ್ನಿನ ಬುಷ್ಷುಗಳೊಳಕ್ಕೂ ಮಣ್ಣು ನೀರು ಸೇರಿ ಗ್ರೀಸನ್ನು ತೊಳೆದುಹಾಕುತ್ತದೆ. ಗದ್ದೆಯಿಂದ ಮೇಲೆ ಬಂದ ದಿನವೇ ಗ್ರೀಸ್ ಗನ್ನಿನಿಂದ ಹೊಸ ಗ್ರೀಸನ್ನು ತುಂಬಿ ಹಳೆಯ ಕೆಸರು ಹೊರಕ್ಕೆ ಬರುವಂತೆ ಮಾಡದಿದ್ದರೆ ಮಾರನೆಯ ದಿನದಿಂದ ಬುಷ್ಷಿನೊಳಗೆ ಮರಳೇ ಅರೆಯುತ್ತದೆ. ಹುಣಸೂರು ಕೋಟೆಗಳ ಕಡೆ ಕೆಸರಿನ ಕಾಟ ಕಡಿಮೆ. ಅಲ್ಲಿ ಬದುಗಳನ್ನು ಅಡ್ಡಲಾಗಿ ಹಾಯಿಸುವುದೂ, ಮುಂದಿನ ಗಾಲಿಯನ್ನು ಕಲ್ಲಿಗೆ ಬಡಿಯುವುದೂ ಟೈರಾಡನ್ನು ಬಗ್ಗಿಸುತ್ತವೆ. ಬಗ್ಗಿದ ಸಲಾಕೆಯನ್ನು ಕಣ್ಣಿನಿಂದಲೇ ಗುರುತಿಸಬಹುದು. ಅದನ್ನು ಕುಲುಮೆಯಲ್ಲಿ ಕಾಯಿಸಿ ನೆಟ್ಟಗೆ ಮಾಡಿಸುವ ಪದ್ಧತಿಯುಂಟು. ಇದು ಅಪಾಯಕರವಾದ ಉಳಿತಾಯ. ಕಾಯಿಸಿದ ಉಕ್ಕಿನ ಹುರಿ ಕೆಟ್ಟು, ಭಾರ ತುಂಬಿದ ಟ್ರೈಲರನ್ನು ಇಳಿಜಾರಿನಲ್ಲಿ ಇಳಿಸುತ್ತಿರುವಾಗ ಅದು ಮುರಿದರೆ, ಚಾಲಕನ ಕೈಯಲ್ಲಿ ಸ್ಟಿಯರಿಂಗು ಉಳಿಯುತ್ತದೆ, ಗಾಲಿಗಳು ಉಳಿಯುವುದಿಲ್ಲ. ಆ ಟ್ರೈಲರಿನ ಮೇಲೆ ಕೂಲಿಯ ಹೆಂಗಸರು ಕುಳಿತಿರುವ ದಿನಗಳೂ ಉಂಟೆಂಬುದನ್ನು ಮಾಲೀಕರು ಮರೆಯಕೂಡದು. ಕೂರಿಸುವುದೇ ತಪ್ಪು, ಆದರೆ ಕೂರಿಸುತ್ತಾರೆ.

ಪರೀಕ್ಷೆಗೆ ದೊಡ್ಡ ಸಾಧನಗಳೇನೂ ಬೇಡ. ಒಂದು ಗಾಳಿಯ ಮಾಪಕ, ಒಂದು ಟೇಪು, ಒಂದು ಸೀಮೆಸುಣ್ಣ, ಜ್ಯಾಕು, ನೆರವಿಗೆ ಒಬ್ಬ ಆಳು ಇಷ್ಟಿದ್ದರೆ ಮುಕ್ಕಾಲು ಭಾಗ ತಿಳಿಯುತ್ತದೆ. ಎರಡು ಮುಂದಿನ ಟೈರುಗಳ ಗಾಳಿಯನ್ನು ಕೈಪಿಡಿಯ ಅಂಕಿಗೆ ಸಮಮಾಡಿದ ಮೇಲೆ ಎಂಜಿನ್ನನ್ನು ನಿಲ್ಲಿಸಿ, ಸಾದಾ ಸ್ಟಿಯರಿಂಗಿನ ಚಕ್ರವನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಅಲುಗಿಸಬೇಕು. ಗಾಲಿ ಕದಲುವುದಕ್ಕೆ ಮುಂಚೆ ಚಕ್ರದ ಅಂಚು ಒಂದೆರಡು ಅಂಗುಲ ಖಾಲಿಯಾಗಿ ಆಡಿದರೆ ಚಿಂತೆಯಿಲ್ಲ. ಅದಕ್ಕೆ ಮೀರಿದರೆ, ಒಬ್ಬನು ಅಲುಗಿಸುತ್ತಿರುವಂತೆಯೇ ಇನ್ನೊಬ್ಬನು ಒಂದೊಂದು ಬಾಲ್ ಜಾಯಿಂಟಿನ ಮೇಲೂ ಬೆರಳಿಟ್ಟು ನೋಡಬೇಕು; ಸವೆದ ಕೀಲು ಬೆರಳಿಗೆ ತಾನೇ ಹೇಳುತ್ತದೆ. ಆಮೇಲೆ ಹಿಂದಿನ ಗಾಲಿಗಳಿಗೆ ಮರದ ಅಡ್ಡ ಕೊಟ್ಟು ಮುಂಭಾಗವನ್ನು ಜ್ಯಾಕಿನಿಂದ ಎತ್ತತಕ್ಕದ್ದು. ಟ್ರಾಕ್ಟರಿನ ಮುಂದಣ ಆಕ್ಸಲು ನಡುವಿನ ಒಂದೇ ಪಿನ್ನಿನ ಮೇಲೆ ತೂಗಾಡುವುದರಿಂದ ಅದು ವಾಲದಂತೆ ಎರಡು ಕಡೆಯೂ ಮರದ ಬೆಣೆಗಳನ್ನು ಹೊಡೆದಲ್ಲದೆ ಯಾರೂ ಕೆಳಗೆ ಕೈಯಿಡಕೂಡದು. ಇಟ್ಟಿಗೆಯ ಮೇಲೆ ನಿಲ್ಲಿಸುವುದು ಬೇಡವೇ ಬೇಡ. ಎತ್ತಿದ ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿದಾಗ ಆಡಿದರೆ ಬೇರಿಂಗು ಇಲ್ಲವೆ ಕಿಂಗ್ ಪಿನ್ನು ಸವೆದಿದೆ. ಗುಂಬ ಮಾತ್ರ ಆಡುತ್ತಿದ್ದರೆ ಬೇರಿಂಗು, ಅದರ ಹಿಂದಿನ ತೋಳೂ ಸೇರಿ ಆಡುತ್ತಿದ್ದರೆ ಕಿಂಗ್ ಪಿನ್ನು. ಮುಂದೂ ಹಿಂದೂ ಹಿಡಿದು ಅಲುಗಿಸಿದಾಗ ಮಾತ್ರ ಆಡಿದರೆ ಟೈರಾಡಿನ ಕೀಲುಗಳ ಕಡೆ ನೋಡಬೇಕು.

ಸವೆದ ಕೀಲನ್ನು ಹಾಗೆಯೇ ಬಿಟ್ಟು ಅಳತೆ ಮಾಡಿಸುವುದು ವ್ಯರ್ಥ. ಸಡಿಲವಾದ ಕೀಲು ಅಳೆಯುವಾಗ ಒಂದು ಸ್ಥಾನದಲ್ಲಿದ್ದು ಓಡುವಾಗ ಇನ್ನೊಂದು ಸ್ಥಾನಕ್ಕೆ ಹೋಗುತ್ತದೆ. ಕಂಪ್ಯೂಟರಿನ ತೆರೆಯ ಮೇಲೆ ಹಸಿರು ಬಣ್ಣ ಬಂದರೂ ರಸ್ತೆಯ ಮೇಲೆ ಅದು ಸುಳ್ಳಾಗುತ್ತದೆ.

ಕೀಲುಗಳೆಲ್ಲ ಭದ್ರವಾಗಿದ್ದರೆ ಅಳತೆಗೆ ತೊಡಗಬಹುದು. ಟ್ರಾಕ್ಟರನ್ನು ಮಟ್ಟವಾದ ನೆಲದ ಮೇಲೆ ಕೆಲವು ಮಾರು ಮುಂದಕ್ಕೆ ಓಡಿಸಿ ನೆಟ್ಟಗೆ ನಿಲ್ಲಿಸಬೇಕು. ಎರಡು ಮುಂದಿನ ಟೈರುಗಳ ಮುಂಭಾಗದಲ್ಲಿ, ಗುಂಬದ ಮಧ್ಯದ ಎತ್ತರಕ್ಕೆ ಸರಿಯಾಗಿ, ಟೈರಿನ ನಡುಗೆರೆಯ ಮೇಲೆ ಸೀಮೆಸುಣ್ಣದಿಂದ ಒಂದೊಂದು ಗುರುತು ಹಾಕಿ ಅವುಗಳ ನಡುವಿನ ದೂರವನ್ನು ಅಳೆಯಬೇಕು. ಆಮೇಲೆ ಗಾಲಿಗಳು ಅರ್ಧ ಸುತ್ತು ತಿರುಗುವಂತೆ ಟ್ರಾಕ್ಟರನ್ನು ಮುಂದಕ್ಕೆ ತಳ್ಳಿದರೆ ಅದೇ ಗುರುತುಗಳು ಹಿಂಭಾಗಕ್ಕೆ ಅದೇ ಎತ್ತರದಲ್ಲಿ ಬರುತ್ತವೆ. ಅಲ್ಲಿ ಮತ್ತೆ ಅಳೆಯಬೇಕು. ಹಿಂದಿನ ಅಳತೆಯಲ್ಲಿ ಮುಂದಿನದನ್ನು ಕಳೆದರೆ ಉಳಿಯುವುದೇ ಟೋ ಇನ್. ಅದೇ ಗುರುತುಗಳನ್ನು ಉಪಯೋಗಿಸುವುದರಿಂದ ಟೈರಿನ ಸೊಟ್ಟತನವು ಲೆಕ್ಕವನ್ನು ಕೆಡಿಸುವುದಿಲ್ಲ. ಟೇಪಿಲ್ಲದ ಕಡೆಗೂ ಟೈರಿನ ಮೈ ಸಾಕ್ಷಿ ಹೇಳುತ್ತದೆ: ಎರಡು ಟೈರುಗಳ ಹೊರ ಅಂಚುಗಳು ಸವೆದು, ಒಳಗಿನಿಂದ ಹೊರಕ್ಕೆ ಅಂಗೈ ಸವರಿದಾಗ ಹಲ್ಲು ತಗುಲಿದಂತಾದರೆ ಗಾಲಿಗಳು ಹೆಚ್ಚಾಗಿ ಒಳಮುಖವಾಗಿವೆ, ಒಳ ಅಂಚುಗಳು ಸವೆದು ಹೊರಗಿನಿಂದ ಒಳಕ್ಕೆ ಸವರಿದಾಗ ತಗುಲಿದರೆ ಹೊರಮುಖವಾಗಿವೆ. ಎರಡು ಅಂಚುಗಳೂ ಸವೆದಿದ್ದರೆ ಅದು ಗಾಳಿ ಕಡಿಮೆಯಾದುದರ ಗುರುತು, ಜೋಡಣೆಗೆ ಸಂಬಂಧವಿಲ್ಲ.

ತಿದ್ದುವಾಗ ಚಕ್ರದ ಓರೆಯನ್ನೂ ಟೋ ಇನ್ನನ್ನೂ ಬೇರೆಬೇರೆಯಾಗಿ ಎಣಿಸತಕ್ಕದ್ದು. ಸಾದಾ ಸ್ಟಿಯರಿಂಗಿನ ಟ್ರಾಕ್ಟರಿನಲ್ಲಿ ಚಕ್ರವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ ಸುತ್ತುಗಳನ್ನೆಣಿಸಿ, ಅದರ ಅರ್ಧಕ್ಕೆ ತಂದು ನಿಲ್ಲಿಸಿದರೆ ಪೆಟ್ಟಿಗೆಯು ತನ್ನ ಮಧ್ಯದಲ್ಲಿರುತ್ತದೆ. ಗಿಯರು ಪೆಟ್ಟಿಗೆಯಲ್ಲಿ ಸಡಿಲವು ಅತ್ಯಲ್ಪವಾಗಿರುವುದು ಈ ಮಧ್ಯಸ್ಥಾನದಲ್ಲಿಯೇ. ನೆಟ್ಟಗೆ ಹೋಗುವಾಗ ಪೆಟ್ಟಿಗೆಯು ಮಧ್ಯ ಬಿಟ್ಟು ನಿಂತರೆ ಚಕ್ರವು ಅನಾವಶ್ಯಕವಾಗಿ ಆಡುತ್ತದೆ. ಹಾಗೆ ನಿಲ್ಲಿಸಿದಾಗ ಗಾಲಿಗಳು ನೆಟ್ಟಗಿಲ್ಲದಿದ್ದರೆ, ಎರಡು ಟೈರಾಡುಗಳುಳ್ಳ ಯಂತ್ರದಲ್ಲಿ ಒಂದನ್ನು ಎಷ್ಟು ಉದ್ದ ಮಾಡಲಾಗುವುದೋ ಇನ್ನೊಂದನ್ನು ಅಷ್ಟೇ ಗಿಡ್ಡ ಮಾಡಬೇಕು; ಇದರಿಂದ ಟೋ ಇನ್ ಬದಲಾಗದೆ ಚಕ್ರ ಮಾತ್ರ ನೇರವಾಗುತ್ತದೆ. ಟೋ ಇನ್ನೇ ತಪ್ಪಿದ್ದರೆ ಎರಡನ್ನೂ ಸಮನಾಗಿ ಒಂದೇ ಕಡೆಗೆ ತಿರುಗಿಸಬೇಕು. ಸಲಾಕೆಗಳು ಆಕ್ಸಲಿನ ಹಿಂದಿದ್ದರೆ ಉದ್ದ ಮಾಡಿದಷ್ಟೂ ಗಾಲಿಗಳು ಒಳಮುಖವಾಗುತ್ತವೆ, ಮುಂದಿದ್ದರೆ ಹೊರಮುಖವಾಗುತ್ತವೆ. ಈ ಭೇದವನ್ನರಿಯದೆ ತಿರುಗಿಸಿ ರೋಗವನ್ನು ಇಮ್ಮಡಿ ಮಾಡಿಕೊಂಡವರು ಹಲವರು.

ಈಗಿನ ಹೊಸ ಟ್ರಾಕ್ಟರುಗಳಲ್ಲಿ ಎಣ್ಣೆಯ ಒತ್ತಡದಿಂದಲೇ ಗಾಲಿಗಳನ್ನು ತಿರುಗಿಸುವ ಪವರ್ ಸ್ಟಿಯರಿಂಗು ಸಾಮಾನ್ಯವಾಗುತ್ತ ಬಂದಿದೆ. ಇವುಗಳಲ್ಲಿ ಚಕ್ರಕ್ಕೂ ಗಾಲಿಗೂ ಕಬ್ಬಿಣದ ಸಂಬಂಧವೇ ಇಲ್ಲ, ನಡುವೆ ಇರತಕ್ಕದ್ದು ಎಣ್ಣೆ ಮಾತ್ರ. ಆ ಎಣ್ಣೆಯು ಒಳಗೆ ಅಲ್ಪಸ್ವಲ್ಪ ಜಿನುಗುವುದರಿಂದ ಚಕ್ರದ ಮಧ್ಯವು ದಿನದಿನಕ್ಕೆ ಜರುಗುತ್ತಿರುತ್ತದೆ. ಇಲ್ಲಿ ಚಕ್ರದ ಹಿಡಿಗುಬಟು ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಚಿಂತಿಸುವುದು ನಿರರ್ಥಕ. ಆದರೆ ಟೈರಾಡು ಇಲ್ಲಿಯೂ ಉಂಟು, ಅದು ಇಲ್ಲಿಯೂ ಬಗ್ಗುತ್ತದೆ. ಚಕ್ರವು ಎಚ್ಚರಿಕೆ ಕೊಡುವುದಿಲ್ಲವಾದ್ದರಿಂದ ಟೇಪಿನ ಅಳತೆಯು ಇವುಗಳಿಗೆ ಇನ್ನೂ ಹೆಚ್ಚು ಅಗತ್ಯ. ಪವರ್ ಟಿಲ್ಲರಿಗೆ ಸಾಧಾರಣವಾಗಿ ಚಕ್ರವೇ ಇಲ್ಲದಿರುವುದರಿಂದ ಅದರ ಯಜಮಾನನು ಈ ಜಂಜಾಟದಿಂದ ಪಾರಾಗಿದ್ದಾನೆ. ಅದು ಒಂದು ಕಡೆಗೆ ಎಳೆದರೆ ಗಾಲಿಗಳ ಗಾಳಿಯನ್ನೂ ಸ್ಟಿಯರಿಂಗು ಕ್ಲಚ್ಚಿನ ತಂತಿಯ ಬಿಗಿಯನ್ನೂ ನೋಡಿಕೊಂಡರೆ ಸಾಕು.

ಪಿಕಪ್ ವಾಹನಗಳ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹೊಗೆಸೊಪ್ಪಿನ ಹರಾಜಿನ ತಿಂಗಳುಗಳಲ್ಲಿ ಬೇಲುಗಳನ್ನು ಎತ್ತರಕ್ಕೆ ಒಟ್ಟಿ, ಮಿಕ್ಕ ಕಾಲದಲ್ಲಿ ಇಟ್ಟಿಗೆ ಸಿಮೆಂಟುಗಳನ್ನು ಮಿತಿಮೀರಿ ತುಂಬಿ ಓಡಿಸುವ ಈ ಬಂಡಿಗಳಲ್ಲಿ ಹಿಂದಿನ ಸ್ಪ್ರಿಂಗು ಪಟ್ಟಿಗಳನ್ನು ಹಿಡಿದಿರುವ ನಡುವಿನ ಬೋಲ್ಟು ಕತ್ತರಿಸಿಹೋಗುವುದುಂಟು. ಆಗ ಹಿಂದಿನ ಆಕ್ಸಲು ಒಂದು ಮಗ್ಗುಲಲ್ಲಿ ಹಿಂದಕ್ಕೋ ಮುಂದಕ್ಕೋ ಜರುಗಿ, ಬಂಡಿಯು ಏಡಿಯಂತೆ ಓರೆಯಾಗಿ ನಡೆಯುತ್ತದೆ. ಚಾಲಕನು ಚಕ್ರವನ್ನು ಓರೆಯಾಗಿ ಹಿಡಿದು ಅದನ್ನು ನೇರಕ್ಕೆ ತರುತ್ತಾನೆ. ರೋಗವು ಹಿಂದೆ, ಚಿಕಿತ್ಸೆಯು ಮುಂದೆ! ಎಡಮಗ್ಗುಲಲ್ಲಿ ಮುಂದಿನ ಗಾಲಿಯ ಮಧ್ಯದಿಂದ ಹಿಂದಿನ ಗಾಲಿಯ ಮಧ್ಯಕ್ಕೆ ಎಷ್ಟು, ಬಲಮಗ್ಗುಲಲ್ಲಿ ಎಷ್ಟು ಎಂದು ಟೇಪು ಹಿಡಿದು ನೋಡಿದರೆ ಎರಡು ನಿಮಿಷದಲ್ಲಿ ಇದು ಬಯಲಾಗುತ್ತದೆ. ಹಾಗೆಯೇ ರಸ್ತೆಯ ನಡು ಎತ್ತರವಾಗಿ ಅಂಚುಗಳು ತಗ್ಗಾಗಿರುವುದರಿಂದ ಎಡದಲ್ಲಿ ಓಡುವ ಬಂಡಿಯು ಎಡಕ್ಕೆ ಅತಿ ನಿಧಾನವಾಗಿ ಜಾರುವುದು ಸಹಜ, ಅದನ್ನು ದೋಷವೆಂದೆಣಿಸಬೇಕಾಗಿಲ್ಲ. ಎಳೆತವು ಟೈರಿನದೇ ಎಂಬ ಅನುಮಾನವಿದ್ದರೆ ಮುಂದಿನ ಎರಡು ಟೈರುಗಳನ್ನು ಅದಲುಬದಲು ಮಾಡಿ ನೋಡಬಹುದು. ಎಳೆತವೂ ದಿಕ್ಕು ಬದಲಿಸಿದರೆ ಟೈರೇ ಅಪರಾಧಿ.

ಎಲ್ಲಕ್ಕಿಂತ ಖಂಡನೀಯವಾದುದು ಚಕ್ರವನ್ನೇ ಬಿಚ್ಚಿ ನೇರಮಾಡಿ ಮತ್ತೆ ಕೂರಿಸಿಬಿಡುವ ಪದ್ಧತಿ. ಒಂದು ನಟ್ಟನ್ನು ಸಡಿಲಿಸಿ, ಚಕ್ರವನ್ನು ಹಲ್ಲುಗಳಿಂದ ಎತ್ತಿ, ಎರಡು ಹಲ್ಲು ತಿರುಗಿಸಿ ಕೂರಿಸಿದರೆ ಕಣ್ಣಿಗೆ ಎಲ್ಲವೂ ನೇರವಾಗಿ ಕಾಣುತ್ತದೆ. ತಕ್ಕಡಿಯ ತಟ್ಟೆಯನ್ನು ಸರಿಮಾಡದೆ ಮುಳ್ಳನ್ನು ಬಗ್ಗಿಸಿದಂತೆ ಇದು. ಟೈರಾಡುಗಳು ಅಸಮವಾಗಿಯೇ ಉಳಿಯುತ್ತವೆ, ಬಂಡಿಯು ಒಂದು ಕಡೆಗೆ ಹೆಚ್ಚು ತಿರುಗಿ ಇನ್ನೊಂದು ಕಡೆಗೆ ಕಡಿಮೆ ತಿರುಗುತ್ತದೆ, ಪೆಟ್ಟಿಗೆಯ ಸವಕಲು ಮುಂದುವರಿಯುತ್ತದೆ. ಎಚ್ಚರಿಕೆ ಕೊಡುತ್ತಿದ್ದ ಒಂದೇ ಸಾಕ್ಷಿಯ ಬಾಯನ್ನು ಮುಚ್ಚಿದಂತಾಯಿತು. ಗಾಳಿಚೀಲವಿರುವ ಹೊಸ ವಾಹನಗಳಲ್ಲಂತೂ ಚಕ್ರಕ್ಕೆ ಕೈಹಾಕುವುದೇ ಅಪಾಯ. ಹಿಂದೆ ರಿಪೇರಿಯಲ್ಲಿ ಯಾರೋ ಚಕ್ರವನ್ನು ತಪ್ಪು ಹಲ್ಲಿಗೆ ಕೂರಿಸಿದ್ದಾರೆಂಬುದು ಸಾಬೀತಾದರೆ ಮಾತ್ರ, ಮಿಕ್ಕ ಅಳತೆಗಳೆಲ್ಲ ಸರಿಯೆಂದು ಕಂಡ ಮೇಲೆ, ಅದನ್ನು ಸ್ಥಾನಕ್ಕೆ ತರಬಹುದು. ಪೆಟ್ಟಿಗೆಯಿಂದ ಹೊರಬರುವ ಡ್ರಾಪ್ ಆರ್ಮಿನ ಹಲ್ಲುಗಳಿಗೂ ಇದೇ ಮಾತು ಸಲ್ಲುತ್ತದೆ.

ಕರ್ನಾಟಕದಲ್ಲಿ 2014ರ ಸುಮಾರಿನಿಂದ ಕೃಷಿ ಯಂತ್ರಧಾರೆ ಎಂಬ ಹೆಸರಿನಲ್ಲಿ ಹೋಬಳಿಗಳಲ್ಲಿ ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೇಂದ್ರಗಳು ಏರ್ಪಟ್ಟಿವೆ. ಸಣ್ಣ ಹಿಡುವಳಿದಾರರಿಗೆ ಇವುಗಳಿಂದ ಆಗಿರುವ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಹತ್ತು ಜನರ ಕೈ ದಾಟುವ ಯಂತ್ರಕ್ಕೆ ಯಜಮಾನನು ಯಾರೂ ಇಲ್ಲದಂತಾಗುವ ಭಯವುಂಟು. ಸೋಮವಾರ ಬದುವಿಗೆ ಬಡಿದವನು ಮಂಗಳವಾರ ಬಾಡಿಗೆ ಪಡೆದವನಿಗೆ ಹೇಳುವುದಿಲ್ಲ. ಸಹಕಾರ ಸಂಘಗಳ ಟ್ರಾಕ್ಟರುಗಳಿಗೂ, ಅಣ್ಣತಮ್ಮಂದಿರು ಕೂಡಿ ಕೊಂಡ ಟ್ರಾಕ್ಟರುಗಳಿಗೂ ಇದೇ ಗತಿ. ಯಂತ್ರ ಕೊಳ್ಳುವುದಕ್ಕೆ ಸಹಾಯಧನ ದೊರೆಯುವಷ್ಟು ಸುಲಭವಾಗಿ ಅದನ್ನು ನೋಡಿಕೊಳ್ಳುವ ತಿಳಿವಳಿಕೆಯು ದೊರೆಯುತ್ತಿಲ್ಲವೆಂಬುದನ್ನು ಒಪ್ಪಿಕೊಳ್ಳಲೇಬೇಕು. ಇದನ್ನು ಇಲಾಖೆಯ ಪತ್ರಿಕೆಯಲ್ಲಿ ಬರೆಯುವುದರಿಂದ ಇಲಾಖೆಗೆ ಅಗೌರವವೇನೂ ಆಗುವುದಿಲ್ಲ. ಬಾಡಿಗೆಯ ಕೇಂದ್ರದಲ್ಲಿ ಪ್ರತಿ ಟ್ರಾಕ್ಟರಿಗೂ ಒಂದು ಚಿಕ್ಕ ಪುಸ್ತಕವನ್ನಿಟ್ಟು, ಹದಿನೈದು ದಿವಸಕ್ಕೊಮ್ಮೆ ಟೋ ಇನ್ನಿನ ಅಳತೆಯನ್ನೂ ಗ್ರೀಸು ಹಾಕಿದ ತಾರೀಖನ್ನೂ ಬರೆದಿಟ್ಟರೆ, ಅಳತೆಯು ಯಾರ ಕೈಯಲ್ಲಿದ್ದಾಗ ಕೆಟ್ಟಿತೆಂಬುದು ಜಗಳವಿಲ್ಲದೆ ತಿಳಿಯುತ್ತದೆ. ಹೊಗೆಸೊಪ್ಪಿನ ನಾಟಿಗೆ ಮುಂಚೆ, ಏಪ್ರಿಲ್ ತಿಂಗಳಿನಲ್ಲಿ, ಹೋಬಳಿಗೊಂದು ದಿನ ಗೊತ್ತುಮಾಡಿ ಮಟ್ಟವಾದ ಬಯಲಿನಲ್ಲಿ ರೈತರು ತಮ್ಮ ಟ್ರಾಕ್ಟರುಗಳನ್ನು ತಾವೇ ಅಳೆದುಕೊಳ್ಳುವಂತೆ ತೋರಿಸಿಕೊಟ್ಟರೆ ಅದಕ್ಕೆ ತಗಲುವ ವೆಚ್ಚವು ಒಂದು ಟೈರಿನ ಬೆಲೆಯಷ್ಟೂ ಆಗಲಾರದು.

ಮಿಸ್ತ್ರಿಗಳಿಗೆ ಇದರಿಂದ ಕೆಲಸ ತಪ್ಪುವುದೆಂಬ ಆಕ್ಷೇಪವನ್ನು ಕೆಲವರು ಎತ್ತಬಹುದು. ಅದು ಹುರುಳಿಲ್ಲದ ಮಾತು. ಕಿಂಗ್ ಪಿನ್ನಿನ ಬುಷ್ಷನ್ನು ಬದಲಾಯಿಸುವುದು, ಬೇರಿಂಗು ಕೂರಿಸುವುದು, ಗಿಯರು ಪೆಟ್ಟಿಗೆಯನ್ನು ಬಿಚ್ಚುವುದು ರೈತನು ಮಾಡತಕ್ಕ ಕೆಲಸಗಳಲ್ಲ. ಕಾಗದದ ಮೇಲೆ ಅಂಕಿಯನ್ನು ಬರೆದುಕೊಂಡು, ಯಾವ ಕೀಲು ಆಡುತ್ತಿದೆಯೆಂದು ತಿಳಿದುಕೊಂಡು ಬಂದ ಗಿರಾಕಿಯನ್ನು ಒಳ್ಳೆಯ ಮಿಸ್ತ್ರಿಯು ಸ್ವಾಗತಿಸಿಯೇ ಸ್ವಾಗತಿಸುತ್ತಾನೆ. ಅವನು ಕೆಲಸ ಮುಗಿಸಿದ ಮೇಲೆ ಲಾಕ್ ನಟ್ಟುಗಳನ್ನು ಬಿಗಿದಿದ್ದಾನೆಯೇ ಎಂದು ನೋಡಿಕೊಂಡು, ಹತ್ತು ಗಂಟೆಗಳ ದುಡಿಮೆಯಾದ ಬಳಿಕ ಅವುಗಳ ಮೇಲೆ ಪಾನಾ ಇಟ್ಟು ಇನ್ನೊಮ್ಮೆ ಪರೀಕ್ಷಿಸಿ, ಸೀಮೆಸುಣ್ಣದ ಗುರುತಿನಲ್ಲಿಯೇ ಮತ್ತೊಂದು ಸಲ ಅಳೆದು ಪುಸ್ತಕದಲ್ಲಿ ಬರೆಯತಕ್ಕದ್ದು.